ದೇವರ ಮನೆಯ ಎರಡು ತಲೆ ಹಕ್ಕಿ

ಪಂಢರೀನಾಥ ಮಾಸ್ತರರಿಗೆ ಸೊಸೆ ಶುಭದಾಳನ್ನು ಕಂಡರೆ ಆಗುತ್ತಿರಲಿಲ್ಲ. ನವನಗರದ ಆ ಮನೆಗೆ ಬಂದು ವರ್ಷ ಕಳೆದಿಲ್ಲ, ಆಗಲೇ ಎದುರುಮಾತು. ಅದೂ ನಗುನಗುತ್ತ! ಅದೇ ಅವರಿಗೆ ಉರಿ.

ಈ ಸಲದ ಜಗಳ ದೇವರ ಮನೆಯ ತಾಮ್ರದ ನಾಣ್ಯದ್ದು. ಅಂಗೈ ತುಂಬುವಷ್ಟು ದೊಡ್ಡದು, ಮೇಲೆ ಎರಡು ತಲೆಯ ಹಕ್ಕಿ. ಗಂಡಭೇರುಂಡ, ವಿಜಯನಗರದ್ದು ಎಂದು ಮಾಸ್ತರರು ಇತಿಹಾಸ ಕಲಿಸಿದಷ್ಟು ಕಾಲವೂ ಸಾರಿಕೊಂಡು ಬಂದವರು. ನಾಳೆ ಬಾಗಲಕೋಟೆಯಲ್ಲಿ ಅದರ ಮೇಲೇ ಅವರ ಭಾಷಣ. ಹುನಗುಂದ, ಇಳಕಲ್ಲಿನಿಂದಲೂ ಜನ ಬರುವವರಿದ್ದರು.

"ಇದು ರಶಿಯಾದ್ದು ರೀ ಮಾವನವ್ರ," ಎಂದಳು ಚಿಕ್ಕಂದಿನಿಂದ ನಾಣ್ಯ ಕೂಡಿಸುತ್ತ ಬಂದ ಶುಭದಾ. "ಗಂಡಭೇರುಂಡ ಆನಿ ಹಿಡಿದಿರ್ತದ. ಇದರ ತಲಿ ಮ್ಯಾಲೆ ಕಿರೀಟ ಅದ, ಎದಿ ಮ್ಯಾಲೆ ಕುದರಿ ಸವಾರ ಇದ್ದಾನ. ಹಿಂದ ಅವರ ರಾಣಿ ಹೆಸರಿನ ಅಕ್ಷರ. ಅದರ ಎರಡೂ ಬಾಜು ಇಸವಿ ಇರಬೇಕು, ಗಂಧದಾಗ ಮುಚ್ಚೇದ."

"ನಮ್ಮ ದೇವರ ಜಗಲಿ ಮ್ಯಾಲೆ ರಶಿಯಾದ ರಾಣಿನ್ನ ಕೂಡಿಸಿದ್ಯಲ್ಲ! ನಿಮ್ಮಪ್ಪ ಇದನ್ನ ಕಲಿಸ್ಯಾನೇನು?"

ತವರಿನ ಮಾತು ಬಂದದ್ದೇ ತಡ, ಶುಭದಾಳ ನಗು ಆರಿತು.

"ಹುಣಸಿಹಣ್ಣು ತಾ," ಎಂದು ಮಾಸ್ತರರು ಅಬ್ಬರಿಸಿದರು. "ತಿಕ್ಕಿ ತೋರಸ್ತೇನಿ."

ಹಕ್ಕಿ ಸವೆದೀತೆಂದು ಹಿರಿಯರ ಕಾಲದಿಂದ ಆ ನಾಣ್ಯಕ್ಕೆ ಹುಣಸೆಹಣ್ಣು ಮುಟ್ಟಿಸಿರಲಿಲ್ಲ. ಗಂಧ ಹಚ್ಚುವುದಷ್ಟೇ ಪದ್ಧತಿ. "ಬ್ಯಾಡ್ರಿ. ಹಳೇ ತಾಮ್ರದ ಕಂದುಬಣ್ಣ ಹೋದ್ರ ನಾಣ್ಯ ಕೆಟ್ಟಂಗ. ನೀರಾಗ ನೆನಸೂಣು," ಎಂದು ಆಕೆ ಬೇಡಿಕೊಂಡಳು. ಹೆದರಿದಳು ಎಂದು ಅವರಿಗೆ ಹಿಗ್ಗು. ಹಿತ್ತಲ ಬಚ್ಚಲಕಲ್ಲಿನ ಹತ್ತಿರ ಕೂತು ತಂಬಿಗೆ ತಿಕ್ಕುವಂತೆ ತಿಕ್ಕಿದರು.

ನಾಣ್ಯ ಕೆಂಪಗೆ ಹೊಳೆಯಿತು. ಅಕ್ಷರದ ಈ ಕಡೆ ಹದಿನೇಳು, ಆ ಕಡೆ ಎಪ್ಪತ್ತೊಂದು, ಅದೂ ಇಂಗ್ಲಿಷ್ ಅಂಕಿಗಳಲ್ಲಿ. ವಿಜಯನಗರ ಹಾಳಾಗಿ ಇನ್ನೂರು ವರ್ಷ ದಾಟಿದ ಮೇಲಿನ ಇಸವಿ. ಆ ಲೆಕ್ಕವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ಅವರೇ. ನಾಳೆ ಯಾವ ಮುಖ ಹೊತ್ತು ವೇದಿಕೆ ಹತ್ತುವುದು?

ಹಿಂದೆ ನಿಂತಿದ್ದ ಶುಭದಾಳ ಕಡೆ ಮಾಸ್ತರರು ತಿರುಗಲಿಲ್ಲ. ಆ ಮಗ್ಗುಲನ್ನು ಬಚ್ಚಲಕಲ್ಲಿಗೇ ಹಚ್ಚಿ ಉಜ್ಜತೊಡಗಿದರು. ತಾಮ್ರದ ಪುಡಿ ಉದುರಿತು, ಬೆರಳ ತೊಗಲು ಕಿತ್ತಿತು, ಬಿಡಲಿಲ್ಲ ಹಟಮಾರಿ. ಅಂಕಿ ಹೋಯಿತು, ಅಕ್ಷರವೂ ಹೋಯಿತು.

"ಈಗ ಓದು ನೋಡೂಣು ನಿನ್ನ ಇಸವಿ!" ಎಂದು ಆಕೆಯ ಮುಖಕ್ಕೆ ಹಿಡಿದರು.

ಶುಭದಾ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ನಾ ಯಾರಿಗೂ ಹೇಳಾಕಿ ಇರಲಿಲ್ರಿ," ಎಂದಳು. "ನಾಳೆ ನಾಕು ಮಂದಿ ಮುಂದ ನಿಮ್ಮ ಮರ್ಯಾದಿ ಹೋಗಬಾರದು ಅಂತ ಇವತ್ತ ಮನ್ಯಾಗ ಹೇಳಿದೆ."