ಹಾರನ್ನಿಗೆ ಹೊರಡುವವರು

ಕ್ಯಾತಪ್ಪ ವಿಜ್ಞಾನ ತರಗತಿಯ ಪ್ರತಿನಿಧಿಯಾಗಿ ಆಯ್ಕೆಯಾದ ಮಾರನೆಯ ದಿನವೇ ವಿದ್ಯಾರ್ಥಿ ಸಂಘದ ಕಾರ್ಯದರ್ಶಿ ನಿಯಾಜ್ ಅಹಮದ್ ಒಂದು ಅರ್ಜಿ ತಂದು ಮುಂದೆ ಹಿಡಿದ. ಮಧುಗಿರಿಯಲ್ಲಿ ಕಾಲೇಜು ತೆರೆದು ಎರಡು ವರ್ಷವೂ ಆಗಿರಲಿಲ್ಲ. ಸಂಘ ಬರೆದ ಮೊದಲ ಅರ್ಜಿ ಅದು. ಪಾವಗಡದ ಬಸ್ಸು ದಿನವೂ ತಡ. ಸೋಮವಾರ ಹತ್ತೂ ಐದಕ್ಕೆ ಪ್ರಯೋಗಶಾಲೆಯ ಬಾಗಿಲು ಮುಚ್ಚುವುದರಿಂದ ಹಳ್ಳಿಗಳಿಂದ ಬರುವ ಹನ್ನೊಂದು ಜನರಿಗೆ ಹಾಜರಿ ತಪ್ಪುತ್ತಿದೆ. ಆದ್ದರಿಂದ ಡ್ರೈವರ್ ಹಬೀಬ್ ಸಾಬರನ್ನು ಆ ದಾರಿಯಿಂದ ತೆಗೆಯಬೇಕು ಎಂದು ಅದರಲ್ಲಿತ್ತು.

ಆ ಹನ್ನೊಂದರಲ್ಲಿ ಕ್ಯಾತಪ್ಪನೂ ಒಬ್ಬ. ಇನ್ನೊಂದು ಸೋಮವಾರ ತಪ್ಪಿದರೆ ಅವನು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರುವಂತಿರಲಿಲ್ಲ. ಆದರೂ ಪೆನ್ನು ತೆಗೆಯದೆ ಕೇಳಿದ, "ಯಾಕೆ ತಡ ಆಗ್ತದೆ ಅಂತ ಇದ್ರಾಗೆ ಬರ್ದಿಲ್ವಲ್ಲ?"

"ಅರೆ ಭಾಯ್, ಲೀಡರ್ ಆದೋನು ಭಾಷಣ ಕಲೀಬೇಕು, ಪತ್ತೇದಾರಿ ಅಲ್ಲ" ಎಂದು ನಿಯಾಜ್ ನಕ್ಕ. ನಕ್ಕರೂ ಬಸ್ಸಿನ ಹೊತ್ತು ನೋಡಿಕೊಳ್ಳಲು ತನ್ನ ಕೈಗಡಿಯಾರ ಬಿಚ್ಚಿಕೊಟ್ಟ. "ಶನಿವಾರದ ತನಕ ಇಟ್ಕೋ. ಅವತ್ತು ರುಜು ಹಾಕ್ಬೇಕು ಮತ್ತೆ."

ಕಾಲೇಜಿನವರು ಹತ್ತುವ ಮೊದಲ ಊರು ಕ್ಯಾತಪ್ಪನ ಹಟ್ಟಿಯೇ. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಸರಿಯಾಗಿ ಹಾರನ್ ಕೇಳಿಸಿತು. ಅವನು ಮುದ್ದೆಯ ಕೊನೆಯ ತುತ್ತು ನುಂಗಿ, ಪುಸ್ತಕ ತೆಗೆದುಕೊಂಡು, ಹೊಲ ದಾಟಿ ಬಸ್ಸು ಹತ್ತಿದ. ಚೀಟಿಯಲ್ಲಿ ಬರೆದ: ಹಟ್ಟಿ, ಬಸ್ಸು ನಿಂತದ್ದು ಐದು ನಿಮಿಷ. ಮುಂದಿನ ಊರಿನಲ್ಲಿ ನಾಲ್ಕು. ಮಿಡಿಗೇಶಿಯಲ್ಲಿ ಎಂಟು. ಆಮೇಲಿನ ಎರಡು ಊರುಗಳಲ್ಲಿ ಐದು, ನಾಲ್ಕು. ದಾರಿಯಲ್ಲಿ ಬಸ್ಸು ಒಂದು ನಿಮಿಷವೂ ಹಿಂದೆ ಬೀಳಲಿಲ್ಲ.

ಮೂರು ದಿನ ಹೀಗೆ ಬರೆದು ಶುಕ್ರವಾರ ಸಂಜೆ ಕೂಡಿಸಿದ. ತಡವಾಗುತ್ತಿದ್ದುದು ಇಪ್ಪತ್ತಾರು ನಿಮಿಷ, ಊರುಗಳಲ್ಲಿ ನಿಂತದ್ದೂ ಇಪ್ಪತ್ತಾರು. ಅವನು ಚೀಟಿಯನ್ನೇ ನೋಡುತ್ತ ಕುಳಿತ. ಗಡಿಯಾರವಿಲ್ಲದ ಹನ್ನೊಂದು ಜನಕ್ಕೂ ಹಬೀಬ್ ಸಾಬರ ಹಾರನ್ನೇ ಗಡಿಯಾರ. ಅದು ಕೇಳಿಸಿದ ಮೇಲೆಯೇ ಎಲ್ಲರೂ ಮನೆ ಬಿಡುತ್ತಿದ್ದರು, ಅಲ್ಲಿಯವರೆಗೆ ಬಸ್ಸು ಕಾಯುತ್ತಿತ್ತು. ಪಟ್ಟಿಯ ಮೊದಲ ಸಾಲು ಅವನದೇ.

ಶನಿವಾರ ಅವನು ಬೇಗ ಎದ್ದು ನಿಂತಾಗ ತಾಯಿ ರಂಗಕ್ಕ ಕೇಳಿದಳು, "ಇನ್ನೂ ಹಾರನ್ನೇ ಆಗಿಲ್ಲ, ಎತ್ಲಾಗ್ ಹೊಂಟ್ಯೋ?"

"ಬಸ್ಸಿಗೇ ಕಣಮ್ಮ."

ರಸ್ತೆಯಲ್ಲಿ ಕಾದು ನಿಂತ ಅವನನ್ನು ಕಂಡು ಹಬೀಬ್ ಸಾಬರೇ ಗಾಬರಿಯಾದರು. "ಏನಪ್ಪ, ಮನೇಲಿ ಎಲ್ಲ ಸರಿಯಾಗಿದಾರಾ?"

ಎಲ್ಲರೂ ಹತ್ತಿದ ಮೇಲೆ ಕ್ಯಾತಪ್ಪ ಕಂಬಿ ಹಿಡಿದು ನಿಂತು, ತನ್ನ ಐದು ನಿಮಿಷದಿಂದ ಶುರು ಮಾಡಿ ಪಟ್ಟಿ ಓದಿದ. ಮಿಡಿಗೇಶಿಯ ನಾಗಲಿಂಗಯ್ಯ ಹಿಂದಿನ ಸೀಟಿನಿಂದ ಕೂಗಿದ, "ಲೇ, ನಿಂಗೆ ಓಟ್ ಹಾಕಿದ್ದು ನಮ್ಮ ಪರವಾಗಿ ಮಾತಾಡ್ಲಿ ಅಂತ ಕಣ್ಲಾ, ನಮ್ ಮ್ಯಾಲೆ ಚಾಡಿ ಹೇಳಾಕಲ್ಲ."

"ನನ್ ಮ್ಯಾಲೂ ಹೇಳ್ಕಂಡೆ ತಾನೆ? ಸಾಬ್ರೇ, ಸೋಮವಾರದಿಂದ ನಮಗೋಸ್ಕರ ಕಾಯ್ಬ್ಯಾಡಿ."

"ಬಿಟ್ಟೋದ್ಮೇಲೆ ನನ್ನ ಬೈಬಾರ್ದು" ಎಂದರು ಹಬೀಬ್ ಸಾಬರು, ಹಿಂತಿರುಗಿ ನೋಡದೆ.

ಅಂದು ಗಡಿಯಾರದ ಜೊತೆಗೆ ಚೀಟಿಯನ್ನೂ ಕೊಟ್ಟಾಗ ನಿಯಾಜ್ ಅದನ್ನು ಎರಡು ಸಲ ಓದಿ ಅರ್ಜಿಯನ್ನು ಮಡಚಿದ. "ಸೋಮವಾರ ನೋಡೋಣ. ಬಸ್ಸು ತಡ ಆದ್ರೆ ಇದು ಹೋಗ್ತದೆ."

ಸೋಮವಾರ ಬಸ್ಸು ಒಂಬತ್ತೂ ಮುಕ್ಕಾಲಿಗೇ ಮಧುಗಿರಿ ಮುಟ್ಟಿತು. ಪ್ರಯೋಗಶಾಲೆಯಲ್ಲಿ ತನ್ನ ಹೆಸರು ಕೂಗಿದಾಗ ಕ್ಯಾತಪ್ಪ ಹಾಜರಿ ಹೇಳಿದ. ನಾಗಲಿಂಗಯ್ಯನ ಹೆಸರಿಗೆ ಯಾರೂ ಉತ್ತರಿಸಲಿಲ್ಲ. ಆಮೇಲೆ ಲೋಲಕದ ಆಂದೋಲನ ಎಣಿಸುತ್ತಿದ್ದಾಗ ಕ್ಯಾತಪ್ಪನಿಗೆ ಎರಡು ಸಲ ಲೆಕ್ಕ ತಪ್ಪಿತು. ಮಿಡಿಗೇಶಿಗೆ ಮಾತ್ರ ಯಾಕೆ ಎಂಟು ನಿಮಿಷ? ಬರೆದುಕೊಂಡಿದ್ದನೇ ಹೊರತು ಕೇಳಿರಲಿಲ್ಲ.

ಸಂಜೆ ಅವನು ಮಿಡಿಗೇಶಿಯಲ್ಲೇ ಇಳಿದ. ನಾಗಲಿಂಗಯ್ಯ ಹಿತ್ತಲಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದ.

"ಲೀಡರ್ರು ದಯಮಾಡ್ಸಿದ್ರು" ಎಂದ, ತಲೆ ಎತ್ತದೆ.

"ನಿಮ್ಮೂರಾಗೆ ಯಾಕ್ಲಾ ಎಂಟು ನಿಮಿಷ?"

"ಹೊತ್ತಾರೆ ಬಾವಿ ನೀರೆತ್ತಾಕೆ ಎತ್ತು ಕಟ್ಟಿ ಕಪಿಲೆ ಹೊಡೀತೀನಿ. ಹಾರನ್ ಕೇಳೋಗಂಟ ನಮ್ಮಪ್ಪ ಎತ್ತು ಬಿಚ್ಚಾಕ್ ಬುಡಲ್ಲ."

"ಅಂಗಾದ್ರೆ ನಡಿ, ನಿಮ್ಮಪ್ಪನ ಹತ್ರ ಮಾತಾಡನ."

"ನಮ್ಮಪ್ಪ ಏನು ನಿಂಗೆ ಓಟ್ ಹಾಕವ್ನಾ?"

"ನೀನು ಹಾಕಿದೀಯಲ್ಲ" ಎಂದು ಕ್ಯಾತಪ್ಪ, ಅವನ ಅಪ್ಪ ನಿಂತಿದ್ದ ಬಾವಿಯ ಕಡೆಗೆ ಹೊರಟ.