ಇಂಜಿನ್ನಿಗೆ ಬಿಪಿ ನೋಡಿದ್ದು

ಈ ಬೀದಿಯಲ್ಲಿ ನನ್ನನ್ನು ಡಾಕ್ಟರು ಎಂದು ಕರೆಯುತ್ತಾರೆ. ಹಾಗೆ ಕರೆಯುವವರಲ್ಲಿ ಒಬ್ಬರನ್ನೂ ನಾನು ಗುಣಪಡಿಸಿಲ್ಲ. ನಾನು ಹಳೆಯ ಟೂ-ಸ್ಟ್ರೋಕ್ ಸ್ಕೂಟರುಗಳ ರಿಪೇರಿಯವನು. ಈ ಇಂಜಿನ್ನುಗಳೊಳಗೆ ಹೊರಗಿನ ಗಾಳಿ ಕದ್ದು ನುಗ್ಗಬಾರದು. ನುಗ್ಗಿದರೆ ಪೆಟ್ರೋಲು ತೆಳುವಾಗಿ, ಇಂಜಿನ್ ಕಾದು, ಆಕ್ಸಿಲರೇಟರ್ ಬಿಟ್ಟರೂ ತಗ್ಗದೆ ಅರಚುತ್ತದೆ; ಕೊನೆಗೆ ಪಿಸ್ಟನ್ ಕಚ್ಚಿಕೊಂಡು ನಿಂತುಹೋಗುತ್ತದೆ. ಅದನ್ನು ಪತ್ತೆಮಾಡಲು ನನ್ನ ಬಳಿ ಇರುವುದು ಒಂದು ಹಳೆಯ ಬಿಪಿ ಯಂತ್ರ. ತೋಳಿಗೆ ಸುತ್ತುವ ಪಟ್ಟಿ ಕಳಚಿಟ್ಟು, ಇಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಒಂದಕ್ಕೆ ಯಂತ್ರದ ಕೊಳವೆ ಸಿಕ್ಕಿಸಿ, ರಬ್ಬರ್ ಉಂಡೆ ಒತ್ತಿ ಗಾಳಿ ತುಂಬುತ್ತೇನೆ. ಮುಳ್ಳು ಏರಿ ಅಲ್ಲೇ ನಿಂತರೆ ಇಂಜಿನ್ ಗಟ್ಟಿ. ಇಳಿದರೆ ಎಲ್ಲೋ ಸೋರುತ್ತಿದೆ. ಸಾಬೂನು ನೀರು ಬಳಿದು ಗುಳ್ಳೆ ಏಳುವ ಜಾಗ ಹುಡುಕಬೇಕು. ವಿದ್ಯೆ ಇಷ್ಟೇ. ಆದರೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಮುಳ್ಳು ನೋಡುತ್ತಾ ‘ಹೂಂ’ ಎಂದು ನಾನು ಎಳೆಯುತ್ತಿದ್ದ ರೀತಿಗೆ ಸ್ಕೂಟರಿನ ಯಜಮಾನರು ಹೆದರಿ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು.

ಹೆಂಡತಿ ತೀರಿಕೊಂಡ ಮೇಲೆ ನಾನು ಅಂಗಡಿಯ ಬಾಗಿಲು ತೆಗೆದಿರಲಿಲ್ಲ. ದುಃಖದಿಂದ ಮುಚ್ಚಿದ್ದಾನೆ ಎಂದು ಬೀದಿಯವರು ಗೌರವವಾಗಿ ತಲೆಬಾಗಿ ಹೋಗುತ್ತಿದ್ದರು. ಅದು ನಿಜ. ಬೀಗದ ಕೈಯನ್ನು ಅವಳು ಎಲ್ಲಿಟ್ಟಿದ್ದಳೆಂಬುದು ನನಗೆ ಗೊತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಬೆಳಿಗ್ಗೆ, ಸಂಜೆ ದೇವರ ಮುಂದೆ ಕೂರುತ್ತಿದ್ದೆ. ಯಾಕಪ್ಪಾ ಹೀಗೆ ಮಾಡಿದೆ ಎಂದು ನಾನು ಕೇಳುವುದು, ಅವನು ಸುಮ್ಮನಿರುವುದು, ನಾನು ಮುನಿಸಿಕೊಂಡು ಎದ್ದುಹೋಗುವುದು, ಹೊತ್ತು ಇಳಿದ ಮೇಲೆ ಬೇರೆ ಗತಿಯಿಲ್ಲದೆ ಮತ್ತೆ ಹೋಗಿ ಕೂರುವುದು. ಮದುವೆಯಾದ ಹೊಸದರಲ್ಲಿ ಅವಳ ಜೊತೆಯೂ ನಾನು ಹೀಗೆಯೇ ಜಗಳವಾಡುತ್ತಿದ್ದೆ.

ಹಾಗಿರುವಾಗ ಒಂದು ಬೆಳಿಗ್ಗೆ ನನ್ನ ನಾದಿನಿ, ಎಂದರೆ ಹೆಂಡತಿಯ ತಂಗಿ, ಮೊಣಕೈಗೆ ಬಟ್ಟೆ ಸುತ್ತಿಕೊಂಡು, ಸ್ಕೂಟರನ್ನು ತಳ್ಳಿಕೊಂಡು ಬಂದಳು.

“ಭಾವ, ಅಂಗಡಿ ತೆಗೀರಿ.”

“ಬೀಗದ ಕೈ ಸಿಕ್ತಿಲ್ಲ ಕಣೇ.”

“ಸಕ್ಕರೆ ಡಬ್ಬದ ಹಿಂದೆ ನೋಡಿದ್ರಾ?”

“ಸಕ್ಕರೆ ಡಬ್ಬ ಎಲ್ಲಿದೆ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೀದಾ ಅಡುಗೆಮನೆಗೆ ನುಗ್ಗಿ, ಮೇಲಿನ ಹಲಗೆಗೆ ಕೈಚಾಚಿ, ಒಂದು ಕೈಯಲ್ಲಿ ಡಬ್ಬ, ಇನ್ನೊಂದರಲ್ಲಿ ಬೀಗದ ಕೈ ಹಿಡಿದು ಬಂದಳು. ಅಷ್ಟು ದಿನ ನಾನು ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದೆ. ಅದನ್ನು ವೈರಾಗ್ಯವೆಂದು ತಿಳಿದುಕೊಂಡಿದ್ದೆ.

ಸ್ಕೂಟರು ನನ್ನ ಹೆಂಡತಿಯದೇ. ಕಾಯಿಲೆ ಬಿದ್ದ ಮೇಲೆ ‘ನಾನಿನ್ನು ಓಡಿಸಲ್ಲ, ನೀನಿಟ್ಕೋ’ ಎಂದು ತಂಗಿಗೆ ಕೈಯಾರೆ ಕೊಟ್ಟಿದ್ದಳು. ತಂಗಿ ಹೊಲಿಗೆಯವಳು, ಹೊಲಿದ ಬಟ್ಟೆಯ ಗಂಟುಗಳನ್ನು ಅದರ ಮೇಲೆ ಹೇರಿಕೊಂಡು ಮನೆಮನೆಗೆ ಮುಟ್ಟಿಸುತ್ತಿದ್ದಳು. ಹಿಂದಿನ ದಿನ ಮನೆಯ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟಿದ್ದಾಳೆ, ಇಂಜಿನ್ ತಗ್ಗಿಲ್ಲ. ತಿರುಗಲಾರದೆ ಹೋಗಿ ಮರಳಿನ ರಾಶಿಗೆ ನುಗ್ಗಿದ್ದಾಳೆ.

“ಮರಳಿತ್ತು, ಬದುಕಿದೆ. ನನ್ನ ಮಗ ಒಂದೇ ಹಟ ಹಿಡಿದಿದ್ದಾನೆ, ಇದು ಇನ್ನು ಮನೇಲಿ ಬೇಡ ಅಂತ. ಶನಿವಾರ ಗುಜರಿಯವನಿಗೆ ಬರೋಕೆ ಹೇಳಿಬಿಟ್ಟಿದ್ದಾನೆ. ಕಾಲಿಗೆ ಬೀಳೋದೊಂದು ಬಾಕಿ, ಅಷ್ಟು ಕೇಳ್ಕೊಂಡೆ. ದೊಡ್ಡಪ್ಪ ನೋಡಿ ಸರಿ ಇದೆ ಅಂದ್ರೆ ಇಟ್ಕೋ, ಇಲ್ಲಾಂದ್ರೆ ತಕ್ಕಡಿಗೆ ಹಾಕ್ತೀನಿ ಅಂದ.”

“ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ ಇದೆಯಲ್ಲ.”

“ಇದೆ.”

“ನಿನಗೆ?”

“ನನಗೆ ಬೇರೆ ದಾರಿ ಇಲ್ಲ ಭಾವ.” ಸೀಟಿನ ಮೇಲಿನ ಮರಳನ್ನು ಸೆರಗಿನಿಂದ ಒರೆಸುತ್ತಾ ನಿಂತಳು. “ಅಕ್ಕ ಹೋದ ಮೇಲೆ ಅವಳದ್ದು ಅಂತ ನನ್ನ ಹತ್ರ ಓಡಾಡ್ಕೊಂಡಿರೋದು ಇದೊಂದೇ.”

ನಾನು ಅಂಗಡಿಯ ಬಾಗಿಲು ತೆಗೆದೆ. ಒಳಗೆ ಎಣ್ಣೆಯ ವಾಸನೆ, ಧೂಳು. ಗೋಡೆಯ ಮೊಳೆಗೆ ಬಿಪಿ ಯಂತ್ರ ನೇತಾಡುತ್ತಿತ್ತು. ಕೊನೆಯ ದಿನಗಳಲ್ಲಿ ಅದನ್ನು ಮನೆಗೆ ಒಯ್ದು, ಪಟ್ಟಿ ಸೇರಿಸಿ, ಹೆಂಡತಿಯ ತೋಳಿಗೇ ಕಟ್ಟುತ್ತಿದ್ದೆವು. ‘ಹೂಂ ಅನ್ನಬೇಡಿ, ನನಗೆ ಭಯವಾಗತ್ತೆ’ ಎನ್ನುತ್ತಿದ್ದಳು. ಎಲ್ಲ ಮುಗಿದ ಮೇಲೆ ನಾದಿನಿಯೇ ಪಟ್ಟಿಯನ್ನು ಒಗೆದು ಮಡಚಿ, ಅಂಗಡಿ ತೆಗೆದು ಡ್ರಾಯರಿನಲ್ಲಿಟ್ಟು, ಉಳಿದದ್ದನ್ನು ಮೊಳೆಗೆ ನೇತುಹಾಕಿದ್ದಳು.

ಇಂಜಿನ್ ಇಳಿಸಿ ಮೇಜಿನ ಮೇಲಿಟ್ಟೆ. ಕೆಲಸಕ್ಕೆ ಮುಂಚೆ ಕಣ್ಣು ಮುಚ್ಚಿ ಕೈಮುಗಿಯುವುದು ನನ್ನ ಪದ್ಧತಿ, ಮುಗಿದೆ. ಬಾಯಿಗಳನ್ನು ಮುಚ್ಚಿದೆ, ಗಾಳಿ ತುಂಬಿದೆ. ಮುಳ್ಳು ಏರಿತು, ಸರ್ರನೆ ಇಳಿಯಿತು.

“ಹೂಂ” ಎಂದೆ. ನಾದಿನಿ ಆಗಲೇ ಮನೆಗೆ ಹೋಗಿದ್ದಳು; ಕೇಳುವವರು ಯಾರೂ ಇರಲಿಲ್ಲ, ಆದರೂ ಎಂದೆ.

ಇಂಥ ಇಂಜಿನ್ನುಗಳಲ್ಲಿ ಸೋರಿದರೆ ಹೆಚ್ಚಾಗಿ ಸೋರುವುದು ತಿರುಗುವ ನಡುದಂಡದ ಎರಡು ತುದಿಯ, ರಬ್ಬರ್ ಬಳೆಯಂಥ ಆಯಿಲ್ ಸೀಲುಗಳು. ಎರಡನ್ನೂ ಕಿತ್ತು ಹೊಸದು ಹಾಕಿದೆ. ಮುಳ್ಳು ಇಳಿಯಿತು. ಸಿಲಿಂಡರಿನ ಬುಡದ ಸಂದು ಮುಚ್ಚುವ ಗ್ಯಾಸ್ಕೆಟ್ ಬದಲಿಸಿದೆ. ಇಳಿಯಿತು. ಮಾರನೆಯ ದಿನ ಇಂಜಿನ್ನನ್ನೇ ಎರಡು ಹೋಳು ಮಾಡಿ ಮತ್ತೆ ಕೂಡಿಸಿದೆ. ಮುಳ್ಳಿಗೆ ಅದರ ಗೊಡವೆಯೇ ಇರಲಿಲ್ಲ. ಅದು ತನ್ನ ಪಾಡಿಗೆ ಇಳಿಯಿತು. ಸಾಬೂನು ನೀರು ಬಳಿದೆ. ಒಂದು ಗುಳ್ಳೆಯೂ ಏಳಲಿಲ್ಲ. ನೀರಿಗೆ ಇನ್ನಷ್ಟು ಸಾಬೂನು ಕದಡಿದೆ. ಮೇಜು, ನೆಲ, ನನ್ನ ಅಂಗಿ ಎಲ್ಲ ನೊರೆಯಾಯಿತು.

ಎದುರಿನ ಚಹಾದಂಗಡಿಯವನು ಬಗ್ಗಿ ನೋಡಿದ. “ಡಾಕ್ಟ್ರೇ, ರೋಗಿಗೆ ಸ್ನಾನ ಮಾಡಿಸ್ತಿದ್ದೀರಾ? ಬಾಣಂತಿನಾ?”

“ನಿನ್ನ ಕೆಲಸ ನೋಡ್ಕೋ ಹೋಗು.”

“ನೋಡ್ಕೋತೀನಿ. ಸಾಬೂನು ಉಳಿದ್ರೆ ನನ್ನ ಲೋಟಗಳಿಗೂ ಕೊಡಿ.”

ಸಂಜೆ ದೇವರ ಮುಂದೆ ಕೂತು, ಆ ದೊಡ್ಡ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಗಾಳಿ ಎಲ್ಲಿಂದ ಹೋಗುತ್ತಿದೆ ಎಂಬುದನ್ನಾದರೂ ತೋರಿಸು ಎಂದು ಬೇಡಿದೆ. ಅದಕ್ಕೂ ಸುಮ್ಮನಿದ್ದ. ಆಗ ನಾನೇ ಒಂದು ತೀರ್ಮಾನಕ್ಕೆ ಬಂದೆ: ಇಂಜಿನ್ನಿನ ಹೊರಮೈ ಕಣ್ಣಿಗೆ ಕಾಣದ ಹಾಗೆ ಬಿರುಕು ಬಿಟ್ಟಿದೆ. ಇದು ಬಲು ಅನುಕೂಲದ ಕಾಯಿಲೆ. ನನಗೆ ಕಾಣದ್ದು ಯಾರಿಗೂ ಕಾಣುವಂಥದ್ದಲ್ಲ ಎಂದು ಒಪ್ಪಿಕೊಂಡುಬಿಟ್ಟರೆ, ನನ್ನ ಹೆಸರು ಉಳಿಯುತ್ತದೆ, ಸ್ಕೂಟರ್ ಮಾತ್ರ ಹೋಗುತ್ತದೆ.

ಶನಿವಾರ ಬೆಳಿಗ್ಗೆ ನಾದಿನಿ ಬಂದಳು. ನಾನು ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದೆ:

“ನಮ್ಮ ಕೈಲಾದದ್ದೆಲ್ಲ ಮಾಡಿದ್ವಿ ಕಣಮ್ಮ. ಇನ್ನು ಏನೂ ಮಾಡೋ ಹಾಗಿಲ್ಲ.”

ಹೇಳಿದ ಮೇಲೆ ಆ ಮಾತು ನನ್ನದಲ್ಲ ಎಂದು ಹೊಳೆಯಿತು. ಆಸ್ಪತ್ರೆಯ ಓಣಿಯಲ್ಲಿ ನಿಜವಾದ ಡಾಕ್ಟರು ನನಗೆ ಹೇಳಿದ ಮಾತು ಅದು. ಹೀಗೆಯೇ ಕೈ ಒರೆಸಿಕೊಳ್ಳುತ್ತಾ ಹೇಳಿದ್ದರು. ‘ನಮ್ಮ’ ಎನ್ನುವ ಪದವನ್ನೂ ನಾನು ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಇದ್ದವನು ನಾನೊಬ್ಬನೇ. ಹತ್ತಿರವಿದ್ದ ಡಬ್ಬಿಯ ಮೇಲೆ ಕುಸಿದು ಕೂತೆ.

ನಾದಿನಿಯ ಕಣ್ಣು ಆಗಲೇ ತುಂಬಿತ್ತು. ಆದರೆ ಅವಳ ಬಾಯಿ ಅಳುವಾಗಲೂ ಬಿಡುವು ತೆಗೆದುಕೊಳ್ಳುವುದಿಲ್ಲ.

“ಮುಖ ನೋಡ್ಕೊಂಡ್ರಾ, ಸುಣ್ಣ ಬಳಿದ ಹಾಗಿದೆ. ಬೆಳಿಗ್ಗೆ ಏನಾದ್ರೂ ತಿಂದ್ರಾ?”

“ಹೂಂ.”

“ಆ ಹೂಂ ಬೇಡ ನನ್ನ ಹತ್ರ. ತೋಳು ಚಾಚಿ.”

ಡ್ರಾಯರಿನಿಂದ ಪಟ್ಟಿ ತೆಗೆದು ನನ್ನ ತೋಳಿಗೆ ಸುತ್ತಿದಳು. ಇಂಜಿನ್ನಿನಿಂದ ಕೊಳವೆ ಕಿತ್ತು ಪಟ್ಟಿಗೆ ಸೇರಿಸಿದಳು. ಅಕ್ಕನಿಗೆ ಕಟ್ಟಿ ಕಟ್ಟಿ ಪಳಗಿದ ಕೈ. ಉಂಡೆ ಒತ್ತಿದಳು. ಮುಳ್ಳು ನೋಡಿದಳು. ಮತ್ತೆ ಒತ್ತಿದಳು. ಅವಳ ಹುಬ್ಬು ಮೇಲೇರಿತು.

“ಭಾವ.”

“ಏನು?”

“ಇದರ ಪ್ರಕಾರ ನೀವು ಹೋಗಿಬಿಟ್ಟಿದ್ದೀರಿ.”

“ಯಾವಾಗ?”

“ಯಾವಾಗ ಅಂತ ಇದರಲ್ಲಿ ಬರಲ್ಲ. ಏರಿಸಿದಷ್ಟೂ ಸರ್ರನೆ ಇಳಿದು ಸೊನ್ನೆಗೆ ಬರ್ತಿದೆ.”

ಒಂದು ಕ್ಷಣ ನನಗೆ ಸಮಾಧಾನವೇ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಇಷ್ಟು ಸುಲಭವೇ, ಹಾಗಾದರೆ ನನ್ನ ಹೆಂಡತಿ ಎಲ್ಲಿ ಎಂದು ಬಾಗಿಲ ಕಡೆ ನೋಡಿದೆ ಕೂಡ. ಬಾಗಿಲಲ್ಲಿ ಚಹಾದಂಗಡಿಯವನು ನಿಂತು ಹಲ್ಲುಕಿರಿಯುತ್ತಿದ್ದ. ಅವನಿರುವ ಜಾಗ ಪರಲೋಕವಾಗಿರಲಾರದು.

ಆಗ ಬುದ್ಧಿ ನಿಧಾನವಾಗಿ ಬಂತು. ಇಂಜಿನ್ನಿಗೆ ಕಟ್ಟಿದರೂ ಇಳಿಯುತ್ತದೆ, ನನಗೆ ಕಟ್ಟಿದರೂ ಇಳಿಯುತ್ತದೆ. ಇಬ್ಬರಿಗೂ ಒಟ್ಟಿಗೆ ಕಾಣದ ಬಿರುಕು ಬಿಟ್ಟಿರಲಿಕ್ಕಿಲ್ಲ.

ನಾದಿನಿಗೆ ಅದು ನನಗಿಂತ ಮೊದಲೇ ಹೊಳೆದಿತ್ತು. ಕೊಳವೆಯನ್ನು ಸಾಬೂನು ನೀರಿನ ಬಕೆಟ್ಟಿನಲ್ಲಿ ಅದ್ದಿ, ತುದಿಯನ್ನು ಬೆರಳಿಂದ ಮುಚ್ಚಿ, ಉಂಡೆ ಒತ್ತಿದಳು. ಕೊಳವೆಯ ತುದಿಯ ಬಳಿಯಿಂದ ಗುಳ್ಳೆಗಳು ಸಾಲುಗಟ್ಟಿ ಮೇಲೆ ಬಂದವು. ಮೊಳೆಗೆ ನೇತಾಡಿ ನೇತಾಡಿ ರಬ್ಬರ್ ಒಣಗಿ ಸೀಳಿತ್ತು. ಅಲ್ಲಿಂದ ಗಾಳಿ ಹೊರಡುವ ಸದ್ದು ಬೇರೆಯವರಿಗೆ ಕೇಳಿಸುತ್ತಿತ್ತೋ ಏನೋ. ಇಂಜಿನ್ನುಗಳ ಪಕ್ಕದಲ್ಲೇ ಮುದುಕನಾದ ನನ್ನ ಕಿವಿಗೆ ಅಂಥ ಸಣ್ಣ ಸದ್ದು ಬೀಳುವುದಿಲ್ಲ.

“ಅಕ್ಕ ಇದನ್ನ ನಿಮ್ಮ ಕೈಗೆ ಕೊಡೋ ಮುಂಚೆ ಮಡಚಿ ಹಿಡಿದು ನೋಡ್ತಿರಲಿಲ್ವಾ ಭಾವ?”

ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ ಕೈಮುಗಿದುಕೊಂಡಿರುವಷ್ಟು ಹೊತ್ತು ಅವಳು ಕೊಳವೆಯನ್ನು ಮಡಚಿ, ಉಂಡೆ ಒತ್ತಿ, ಮುಳ್ಳು ನಿಲ್ಲುತ್ತದೆಯೇ ಎಂದು ನೋಡಿ ಆಮೇಲೆ ನನಗೆ ಕೊಡುತ್ತಿದ್ದಳು. ಅವಳೂ ತನ್ನ ರೀತಿಯಲ್ಲಿ ಪ್ರಾರ್ಥನೆ ಮಾಡುತ್ತಾಳೆ, ಪಾಪ, ಕಣ್ಣು ಮುಚ್ಚಲು ಬರುವುದಿಲ್ಲ ಎಂದುಕೊಂಡಿದ್ದೆ.

ಸೀಳಿದ ತುದಿಯನ್ನು ಕತ್ತರಿಸಿ, ಗಟ್ಟಿ ಉಳಿದಷ್ಟು ಕೊಳವೆಯನ್ನು ಮತ್ತೆ ಇಂಜಿನ್ನಿಗೆ ಸಿಕ್ಕಿಸಿದೆ. ಈ ಸಲ ಮುಳ್ಳು ಏರಿ ನಿಂತಿತು. ನಿಂತು, ಯೋಚಿಸಿದಂತೆ ಮಾಡಿ, ಮೆಲ್ಲಗೆ ಇಳಿಯತೊಡಗಿತು.

“ಸೋರ್ತಿದೆ!” ಎಂದು ಕೂಗಿದೆ. “ದೇವರು ದೊಡ್ಡವನು ಕಣೇ, ಸೋರ್ತಿದೆ!”

“ಇದಕ್ಕೆಲ್ಲ ಖುಷಿಪಡೋರನ್ನ ನಾನು ನೋಡಿರಲಿಲ್ಲ” ಎಂದಳು ನಾದಿನಿ; ಆದರೆ ಬ್ರಶ್ಶನ್ನು ಆಗಲೇ ಕೈಗೆತ್ತಿಕೊಂಡಿದ್ದಳು. ಕಾರ್ಬುರೇಟರಿನ ಕೊಳವೆ ಇಂಜಿನ್ನಿಗೆ ಕೂರುವ ಕಡೆ ಒಂದು ಗುಳ್ಳೆ ಎದ್ದಿತು, ಅದರ ಬೆನ್ನಿಗೆ ಇನ್ನೊಂದು. ಇಷ್ಟು ದಿನ ಗಾಳಿಯೆಲ್ಲ ನನ್ನ ಯಂತ್ರದಿಂದಲೇ ಹೋಗುತ್ತಿದ್ದುದರಿಂದ ಪಾಪದ ಇಂಜಿನ್ನಿಗೆ ಸೋರುವುದಕ್ಕೂ ಅವಕಾಶ ಸಿಕ್ಕಿರಲಿಲ್ಲ. ಅಲ್ಲಿ ಕೂರಿಸಿದ್ದ ಕಾಗದದಂಥ ಗ್ಯಾಸ್ಕೆಟ್ ಒಂದು ಮೂಲೆಯಲ್ಲಿ ಹರಿದಿತ್ತು. ನೆಗಡಿಯೆಂದು ಬಂದ ರೋಗಿಯ ಎರಡೂ ಮೊಣಕಾಲು ಬದಲಿಸಿ, ಹೊಟ್ಟೆ ಕೊಯ್ದು ಹೊಲಿದು, ಬದುಕುವುದಿಲ್ಲ ಎಂದು ಹೇಳಿ ಕಳಿಸುವವನಿದ್ದೆ.

ಅಷ್ಟರಲ್ಲಿ ಗುಜರಿಯವನು ತಳ್ಳುಗಾಡಿ ಸಮೇತ ಬಂದ. ದಪ್ಪ ಮೀಸೆಯ, ಸಾವಧಾನದ ಮನುಷ್ಯ.

“ಸ್ಕೂಟರ್ ಎಲ್ಲಿದೆಯಮ್ಮ?”

“ಇನ್ನೂ ಬದುಕಿದೆ. ಒಂದು ಸುತ್ತು ಹೋಗಿ ಬನ್ನಿ” ಎಂದಳು ನಾದಿನಿ.

“ಬದುಕಿದ್ರೆ ಯಾಕೆ ಬರೋದು?”

“ಡಾಕ್ಟ್ರು ಇವರು ಅಂತ ಗೊತ್ತಲ್ಲ. ಏನು ಬೇಕಾದ್ರೂ ಆಗಬಹುದು.”

ಹೊಸ ಗ್ಯಾಸ್ಕೆಟ್ ಕತ್ತರಿಸಿ ಕೂರಿಸಿದೆವು. ಮತ್ತೆ ಗಾಳಿ ತುಂಬಿದೆವು. ಮುಳ್ಳು ನಿಂತಿತು. ನಾನು ಅದನ್ನು ನೋಡುತ್ತಾ ನಿಂತೆ. ಅದು ನಿಂತೇ ಇತ್ತು. ಹೆಂಡತಿಯ ತೋಳಿಗೆ ಕಟ್ಟಿದ್ದಾಗ, ಒಂದು ಸಲವಾದರೂ ಹೀಗೆ ನಿಲ್ಲು ಎಂದು ಈ ಮುಳ್ಳಿಗೆ ಎಷ್ಟು ಬೇಡಿದ್ದೆ! ನಾದಿನಿಯೂ ಅದನ್ನೇ ನೋಡುತ್ತಿದ್ದಳು. ಕಡೆಗೆ ಅವಳೇ, “ಸಾಕು ಬಿಡಿ ಭಾವ, ಅದಕ್ಕೂ ನಿಂತು ನಿಂತು ಕಾಲು ನೋಯುತ್ತೆ” ಎಂದಳು.

ಇಂಜಿನ್ನನ್ನು ಸ್ಕೂಟರಿಗೆ ಏರಿಸುವ ಹೊತ್ತಿಗೆ ಮಧ್ಯಾಹ್ನ ಸರಿದಿತ್ತು. ಗುಜರಿಯವನು ಸುತ್ತು ಮುಗಿಸಿ ಬಂದು ಮೆಟ್ಟಿಲ ಮೇಲೆ ಕೂತಿದ್ದ. ನಾನು ಕಿಕ್ಕರ್ ಒದ್ದೆ, ಇಂಜಿನ್ ಹಿಡಿಯಲಿಲ್ಲ. ಮತ್ತೆ ಒದ್ದೆ. ನಾದಿನಿ ನನ್ನನ್ನು ಪಕ್ಕಕ್ಕೆ ಸರಿಸಿ ಪೆಟ್ರೋಲಿನ ಕೀಲಿ ತಿರುಗಿಸಿ ತಾನೇ ಒದ್ದಳು. ಹೊಗೆ ಉಗುಳಿ ಇಂಜಿನ್ ಎದ್ದಿತು.

“ಆಕ್ಸಿಲರೇಟರ್ ಪೂರ್ತಿ ತಿರುಗಿಸು. ಈಗ ಬಿಡು.”

ಬಿಟ್ಟಳು. ಅರಚಾಟ ತಟ್ಟನೆ ತಗ್ಗಿ, ಇಂಜಿನ್ ಸಾಧುವಾಗಿ ಟುಕುಟುಕು ಎನ್ನತೊಡಗಿತು.

“ಸತ್ತುಹೋಯ್ತಾ?” ಗುಜರಿಯವನು ಆಸೆಯಿಂದ ಎದ್ದ.

“ಇಲ್ಲಪ್ಪ, ಸುಮ್ಮನಾಗಿದೆ.”

ನಾದಿನಿ ಹತ್ತಿ ಕೂತಳು. ಆಗ ನನಗೆ ಹೆದರಿಕೆಯಾಯಿತು. ಮೇಜಿನ ಮೇಲೆ ನಿಂತ ಮುಳ್ಳು ಬೇರೆ, ಬೀದಿಯ ತಿರುವು ಬೇರೆ. ನಮ್ಮ ಬೀದಿಯ ತಿರುವಿನಲ್ಲಿ ಮರಳಿನ ರಾಶಿ ಇಲ್ಲ, ಗೋಡೆಯಿದೆ.

“ಇವತ್ತು ಬೇಡ. ನಾಳೆ ನಾನೇ ಒಂದು ಸುತ್ತು ಓಡಿಸಿ ನೋಡಿ...”

“ಭಾವ, ಮುಳ್ಳು ನಿಂತಿತ್ತೋ ಇಲ್ವೋ?”

“ನಿಂತಿತ್ತು.”

“ಸರಿ ಇದೆಯೋ ಇಲ್ವೋ? ನನ್ನ ಮಗ ಕೇಳ್ತಾನೆ.”

ನನ್ನ ಬಾಯಿಂದ ‘ಹೂಂ’ ಹೊರಡುವುದರಲ್ಲಿತ್ತು. ನುಂಗಿಕೊಂಡು, “ಸರಿ ಇದೆ” ಎಂದೆ.

ಅವಳು ಹೊರಟಳು. ಬೀದಿಯ ಉದ್ದಕ್ಕೂ ವೇಗ ಹೆಚ್ಚಿಸಿಕೊಂಡೇ ಹೋದಳು, ಬೇಕೆಂದೇ. ತಿರುವಿನಲ್ಲಿ ಮೊದಲು ಒಂದು ಲಾರಿ ಅಡ್ಡ ಬಂತು. ಆಮೇಲೆ ಸ್ಕೂಟರು ಕಾಣಲಿಲ್ಲ. ಅಷ್ಟು ದೂರದ ಸದ್ದು ನನಗೆ ಕೇಳಿಸುವುದೂ ಇಲ್ಲ. ಗುಜರಿಯವನ ತೋಳು ಹಿಡಿದುಕೊಂಡೆ.

“ಏನಾಯ್ತು? ತಗ್ಗಿತಾ?”

ಅವನು ಕಿವಿಗೆ ಕೈಕೊಟ್ಟು ಆಲಿಸಿದ. ಹಳೆಯ ಕಬ್ಬಿಣದ ಸದ್ದಿನಲ್ಲಿ ಪಳಗಿದ ಕಿವಿ.

“ತಗ್ಗಿತು. ತಿರುಗಿಸಿದರು. ಈಗ ಮತ್ತೆ ಏರಿಸ್ತಿದ್ದಾರೆ.”

“ಸರಿಯಾಗಿ ತಗ್ಗಿತಾ?”

“ತಗ್ಗಿತು ಅಂತ ಹೇಳಿದ್ನಲ್ಲ ಯಜಮಾನ್ರೇ. ತೋಳು ಬಿಡಿ, ನೋಯ್ತಿದೆ.”

ಬಿಟ್ಟೆ. ಅವನು ಖಾಲಿ ತಳ್ಳುಗಾಡಿಯನ್ನು ನೋಡಿದ, ನನ್ನನ್ನು ನೋಡಿದ. ಒಳಗೆ ಕರೆದು ಬೆಂಚಿನ ಮೇಲಿದ್ದ ಧೂಳು ಒರೆಸಿ ಕೂರಿಸಿ, ಎದುರಿನವನಿಗೆ ಎರಡು ಚಹಾ ಎಂದು ಕೂಗಿದೆ.

“ಸಕ್ಕರೆ ಹಾಕ್ಲಾ ಡಾಕ್ಟ್ರೇ?” ಎಂದ ಅವನು.

“ಧಾರಾಳವಾಗಿ ಹಾಕು” ಎಂದೆ.