ಟೀವಿ ಮೇಲಿನ ಚುಕ್ಕೆ

"ತಂತಿ ಎಲ್ರೀ?" ಎನ್ನುತ್ತಾ ಆಕೆ ಟೀವಿಯ ಹಿಂದೆ ಬಗ್ಗಿ ನೋಡಿದಳು.

"ತಂತಿ ಬೇಡ ಕಣೇ. ಲ್ಯಾಪ್‌ಟಾಪೂ ಟೀವಿಯೂ ಒಂದೇ ವೈಫೈನಲ್ಲಿವೆ. ಇದರಲ್ಲಿರೋದು ಅದರಲ್ಲಿ ಕಾಣತ್ತೆ, ಅಷ್ಟೇ."

ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ ನಿವೃತ್ತನಾದ ಗಂಡನದು ಸುಮ್ಮನಿರು ಅಂದರೆ ಕೇಳುವ ಕೈಯಲ್ಲ. ಆದರೆ ಇವತ್ತಿನದು ಬರೀ ಚಪಲವಲ್ಲ. ಕರಡು ತಿದ್ದುವ ಹೆಂಡತಿಗೆ ಅಕ್ಷರಗಳು ಮಂಜಾಗತೊಡಗಿ ಆರು ತಿಂಗಳಾಗಿತ್ತು. ಹಿಂದಿನ ಪುಸ್ತಕದಲ್ಲಿ ನಾಲ್ಕು ತಪ್ಪು ನುಸುಳಿದ್ದವು. ದಾದಿಯರ ಈ ಕೈಪಿಡಿಯಲ್ಲಿ ಒಂದು ಉಳಿದರೂ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಪ್ರೆಸ್ಸಿನ ಯಜಮಾನರು ಮೆತ್ತಗೆ ಹೇಳಿದ್ದರು. ಬೈದಿದ್ದರಾದರೂ ವಾಸಿಯಿತ್ತು.

ಪುಟ ಟೀವಿಗೆ ಬಂತು. ಒಂದೊಂದು ಅಕ್ಷರವೂ ನಿಂಬೆಹಣ್ಣಿನಷ್ಟು. "ಅಯ್ಯೋ, ಇಷ್ಟು ದಿನ ಎಲ್ಲಿದ್ವೋ ಇವೆಲ್ಲ" ಎಂದು ಆಕೆ ಕುರ್ಚಿ ಎಳೆದುಕೊಂಡಳು. ಗಂಡ ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಾ ಹೋದ, ಆಕೆ ಟೀವಿಯ ಮೇಲೆ ಕಣ್ಣಿಟ್ಟಳು.

"...ದಿನಕ್ಕೆರಡು ಸಲ, ಹದಿನೈದು ಮಿಲಿ ಔಷಧ..."

"ತಡೀರಿ. ಗಾಜು ಒರೆಸಿಲ್ವಾ? ಒಂದಕ್ಕೂ ಐದಕ್ಕೂ ಮಧ್ಯೆ ಧೂಳು ಕೂತಿದೆ."

ಬೆಳಗ್ಗೆ ತಾನೇ ಒರೆಸಿದ್ದ. ಆದರೂ ಎದ್ದು ಬಟ್ಟೆಯಿಂದ ಉಜ್ಜಿದ. ಹೋಗಲಿಲ್ಲ. ಉಗುರಿನಿಂದ ಕೆರೆದ. ಊಹೂಂ.

"ಪುಟ ಒಂಚೂರು ಮೇಲಕ್ಕೆ ತಳ್ಳಿ, ನೋಡೋಣ."

ತಳ್ಳಿದ. ಅರೆಗಳಿಗೆ ಏನೂ ಆಗಲಿಲ್ಲ. ಟೀವಿ ಲ್ಯಾಪ್‌ಟಾಪಿಗಿಂತ ಯಾವಾಗಲೂ ಒಂದು ಹೆಜ್ಜೆ ಹಿಂದೆ. ಆಮೇಲೆ ಸಾಲುಗಳು ಸರಿದವು. ಚುಕ್ಕೆಯೂ ಜೊತೆಗೇ ಸರಿಯಿತು.

"ಧೂಳಲ್ಲ ಕಣೇ."

"ದಶಾಂಶದ ಚುಕ್ಕೆ ರೀ. ಹದಿನೈದು ಹೋಗಿ ಒಂದೂವರೆ ಆಗಿದೆ." ಇದೇ ಪುಟವನ್ನು ನಿನ್ನೆ ಲ್ಯಾಪ್‌ಟಾಪಿನಲ್ಲಿ ಎರಡು ಸಲ ನೋಡಿ, ಸರಿಯಿದೆ ಎಂದು ಬದಿಗಿಟ್ಟಿದ್ದಳು.

ಆಕೆ ಎದ್ದು ಹೋಗಿ, ಕೈಯಲ್ಲಿದ್ದ ಕೆಂಪು ಸ್ಕೆಚ್ ಪೆನ್ನಿನಿಂದ, ಕಾಗದದ ಮೇಲೆ ಹಾಕುವ ಹಾಗೆಯೇ, ಟೀವಿಯ ಗಾಜಿನ ಮೇಲೆ ಚುಕ್ಕೆಯ ಸುತ್ತ ದುಂಡಗೆ ಗೆರೆ ಎಳೆದಳು. ಎಳೆದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಟೀವಿಯನ್ನೂ ತಿದ್ದಿಬಿಟ್ಯಲ್ಲೇ" ಎಂದು ನಗುತ್ತಾ ಗಂಡ ಲ್ಯಾಪ್‌ಟಾಪಿನಲ್ಲಿ ಚುಕ್ಕೆ ಅಳಿಸಿದ. "ಮುಂದಿನ ಪುಟ?"

"ಇಲ್ಲ. ಮೊದಲನೇ ಪುಟದಿಂದ."

ಸಂಜೆಯ ಹೊತ್ತಿಗೆ ನಲವತ್ತು ಪುಟ ಮುಗಿದು ಇನ್ನೂ ಎರಡು ತಪ್ಪು ಸಿಕ್ಕಿದ್ದವು. ಗಂಡ ವಾರ್ತೆ ಹಾಕಿದ. ಸುದ್ದಿ ಓದುವವಳ ಕೆನ್ನೆಯ ಮೇಲೆ ಕೆಂಪು ಸೊನ್ನೆ. ಆತ ಒದ್ದೆ ಬಟ್ಟೆ ತಂದು ಗಾಜನ್ನು ಮೂಲೆಮೂಲೆಯೂ ಬಿಡದೆ ಒರೆಸಿದ, ಆ ಸೊನ್ನೆಯ ಹತ್ತಿರ ಬಂದಾಗ ಮಾತ್ರ ಸುತ್ತುಹಾಕಿಕೊಂಡು ಹೋದ.